ತಪ್ಪಿದ ಅಪಾಯಿಂಟ್‌ಮೆಂಟಿನ ಮರುದಿನ ಫೋನ್ ಮಾಡೋರು ಯಾರು?

ಹೋದ ತಿಂಗಳು ನೈಟ್ ಶಿಫ್ಟ್ ಮತ್ತು ನಿದ್ದೆಯ ಬಗ್ಗೆ ಬರೆದ ಅಂಕಣಕ್ಕೆ ಸಾಕಷ್ಟು ಮೇಲ್ ಬಂದವು. ಅದರಲ್ಲಿ ಒಂದು ಮಾತ್ರ ನಿದ್ದೆಯಿಂದ ಶುರುವಾಗಿ ಬೇರೆಲ್ಲೋ ಹೋಗಿತ್ತು. ಬೆಂಗಳೂರಿನ ಪಿಜಿಯೊಂದರಲ್ಲಿರುವ ಓದುಗರೊಬ್ಬರು ಹೀಗೆ ಬರೆದಿದ್ದರು: "ನನ್ನ ರೂಮ್‌ಮೇಟ್ ಎರಡು ತಿಂಗಳಿಂದ ರಾತ್ರಿ ಸರಿಯಾಗಿ ಮಲಗ್ತಿಲ್ಲ. ತನ್ನ ಫೋನನ್ನು ಆಫೀಸಿನವರು ಹ್ಯಾಕ್ ಮಾಡಿದ್ದಾರೆ, ಪಕ್ಕದ ರೂಮಿನವರು ಮಾತಾಡೋದೆಲ್ಲ ತನ್ನ ಬಗ್ಗೆಯೇ ಅಂತಾನೆ. ಮೊದಮೊದಲು ತಮಾಷೆ ಅಂದುಕೊಂಡ್ವಿ. ಈಗ ಊಟಕ್ಕೂ ಕೆಳಗೆ ಇಳೀತಿಲ್ಲ. ಅವನ ಮನೆಯವರಿಗೆ ಹೇಳಬೇಕಾ? ಯಾವ ಡಾಕ್ಟರ್ ಹತ್ರ ಹೋಗಬೇಕು?"

ಅವತ್ತೇ ಉತ್ತರ ಕಳಿಸಿದೆ: ಮನೆಯವರಿಗೆ ಹೇಳಿ, ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗಿ, ಈ ವಾರವೇ. ಉತ್ತರ ಎರಡು ಸಾಲಿನದು. ಅದನ್ನು ಮಾಡಿ ಮುಗಿಸುವುದು ಎಷ್ಟು ಕಷ್ಟ ಅನ್ನೋದು ನನಗೆ ಗೊತ್ತು, ಹಾಗಾಗಿ ಈ ಸಲದ ಅಂಕಣ ಅದಕ್ಕೇ ಮೀಸಲು.

ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವಳು. ಆದರೆ ನನ್ನ ಚಿಕ್ಕಮ್ಮನ ಮಗನಿಗೆ 24ನೇ ವಯಸ್ಸಿನಲ್ಲಿ ಇದೇ ತೊಂದರೆ ಶುರುವಾಯಿತು. ಅಲ್ಲಿಂದ ಈಚೆಗೆ ಮೂರು ವರ್ಷ ಅವನ ಜೊತೆ ಆಸ್ಪತ್ರೆಗಳ ಬೆಂಚಿನ ಮೇಲೆ ಕೂತಿದ್ದೀನಿ, ಸಿಕ್ಕಿದ್ದನ್ನೆಲ್ಲ ಓದಿದ್ದೀನಿ. ಅವನ ಒಪ್ಪಿಗೆ ಪಡೆದೇ ಬರೀತಿದ್ದೀನಿ. ಹೆಸರು, ಕಂಪನಿ, ಆಸ್ಪತ್ರೆ ಯಾವುದೂ ಇಲ್ಲಿ ಬರೋದಿಲ್ಲ. ಅವನು ಹಾಕಿದ ಷರತ್ತು ಒಂದೇ: "ಅಕ್ಕಾ, ಪಾಪ ಅನ್ನೋ ಥರ ಬರೀಬೇಡ."

ಹೆಸರು ಕೇಳಿದರೆ ಹೆದರಿಕೆ

ಡಾಕ್ಟರುಗಳು ಇದನ್ನು ಸೈಕೋಸಿಸ್ ಅಂತಾರೆ. ಇಲ್ಲದ ದನಿ ಕೇಳಿಸುವುದು, ಯಾರು ಎಷ್ಟು ತಿಳಿಹೇಳಿದರೂ ಅಲುಗಾಡದ ಅನುಮಾನ, ಒಂದಕ್ಕೊಂದು ಸಂಬಂಧವಿಲ್ಲದಂತೆ ಹರಿಯುವ ಮಾತು, ಇವು ಮುಖ್ಯ ಲಕ್ಷಣಗಳು. ಇದನ್ನು ಜ್ವರದ ಹಾಗೆ ನೋಡಿ. ಜ್ವರ ಅನ್ನೋದು ಒಂದು ಸ್ಥಿತಿ, ಅದರ ಹಿಂದೆ ಬೇರೆ ಬೇರೆ ಕಾರಣ ಇರಬಹುದು. ಸೈಕೋಸಿಸ್‌ನ ಹಿಂದೆಯೂ ಸ್ಕಿಜೋಫ್ರೇನಿಯಾ ಇರಬಹುದು, ಬೈಪೋಲಾರ್ ಇರಬಹುದು, ತೀವ್ರ ಖಿನ್ನತೆ ಇರಬಹುದು, ಗಾಂಜಾ ಇರಬಹುದು, ಹೆರಿಗೆಯ ನಂತರದ ದಿನಗಳ ಏರುಪೇರು ಇರಬಹುದು. ಅಪರೂಪಕ್ಕೆ ಥೈರಾಯ್ಡ್ ತೊಂದರೆ, ಮೆದುಳಿನ ಉರಿಯೂತ ಕೂಡ. ಅದಕ್ಕೇ ಮೊದಲ ಭೇಟಿಯಲ್ಲಿ ಒಳ್ಳೆಯ ಮನೋವೈದ್ಯರು ರಕ್ತ ಪರೀಕ್ಷೆ ಬರೀತಾರೆ, ಗಾಂಜಾ ಸೇದಿದ್ದೀಯಾ ಅಂತ ನೇರವಾಗಿ ಕೇಳ್ತಾರೆ. ಬೈಯೋದಕ್ಕಲ್ಲ, ಕಾರಣ ಹುಡುಕೋದಕ್ಕೆ.

ಬಹುಪಾಲು ಜನರಲ್ಲಿ ಇದು ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ. ಅಂದರೆ ಕಾಲೇಜು, ಮೊದಲ ಕೆಲಸ, ಮೊದಲ ಪಿಜಿ. ಈ ಅಂಕಣ ಓದುವವರ ವಯಸ್ಸೇ.

ತಲೆಬಿಸಿ ಏನಪ್ಪ ಅಂದ್ರೆ, ಶುರುವಿನ ಲಕ್ಷಣಗಳಲ್ಲಿ ಒಂದೂ ವಿಚಿತ್ರವಾಗಿ ಕಾಣೋದಿಲ್ಲ. ನಿದ್ದೆ ಹೋಗುತ್ತೆ, ಸ್ನೇಹಿತರ ಜೊತೆ ಬೆರೆಯೋದು ಕಡಿಮೆಯಾಗುತ್ತೆ, ಕೆಲಸದಲ್ಲಿ ತಪ್ಪುಗಳು ಹೆಚ್ಚಾಗುತ್ತವೆ, ಸ್ನಾನ ತಪ್ಪುತ್ತೆ. ಬೆಂಗಳೂರಲ್ಲಿ ಇದಕ್ಕೆಲ್ಲ ರೆಡಿಮೇಡ್ ಉತ್ತರ ಇದೆ: ಡೆಡ್‌ಲೈನ್, ಬ್ರೇಕಪ್, ಟ್ರಾಫಿಕ್, ವರ್ಕ್ ಫ್ರಮ್ ಹೋಮ್. ನನ್ನ ತಮ್ಮ ಲ್ಯಾಪ್‌ಟಾಪಿನ ಕ್ಯಾಮೆರಾಗೆ ಟೇಪ್ ಅಂಟಿಸಿದ್ದ. ನಮ್ಮ ಟೀಮಿನಲ್ಲಿ ಅರ್ಧ ಜನ ಅಂಟಿಸಿದ್ದಾರೆ. ಅವನು ಟೇಪಿನ ಮೇಲೆ ಇನ್ನೊಂದು ಟೇಪ್, ಅದರ ಮೇಲೆ ಬ್ಯಾಂಡೇಜ್, ಆಮೇಲೆ ಸ್ವಿಚ್‌ಬೋರ್ಡಿನ ತೂತುಗಳಿಗೂ ಟೇಪ್ ಹಚ್ಚಿದಾಗ ವ್ಯತ್ಯಾಸ ಕಾಣಿಸಿತು.

ಕಾಲವೇ ಔಷಧದ ಅರ್ಧ

ಮೊದಲ ಲಕ್ಷಣ ಸ್ಪಷ್ಟವಾಗಿ ಕಾಣಿಸಿಕೊಂಡ ದಿನದಿಂದ ಸರಿಯಾದ ಚಿಕಿತ್ಸೆ ಶುರುವಾಗುವ ದಿನದವರೆಗೆ ಎಷ್ಟು ಸಮಯ ಹೋಯಿತು? ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಅಳೆದಿರುವ ಸಂಖ್ಯೆಗಳಲ್ಲಿ ಇದೂ ಒಂದು. ಈ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟ ಅಂತ ಒಂದಾದ ಮೇಲೊಂದು ಅಧ್ಯಯನ ಹೇಳಿವೆ.

ಇದನ್ನು ಕಡಿಮೆ ಮಾಡಬಹುದಾ ಅಂತ ನಾರ್ವೆಯ ರೋಗಾಲಾಂಡ್ ಪ್ರಾಂತ್ಯದಲ್ಲಿ 1997ರಿಂದ ನಾಲ್ಕು ವರ್ಷ ಪ್ರಯತ್ನಿಸಿ ನೋಡಿದರು. ಪೇಪರ್, ರೇಡಿಯೋ, ಸಿನಿಮಾ ಥಿಯೇಟರಿನಲ್ಲಿ ಜಾಹೀರಾತು ಕೊಟ್ಟರು. ಶಾಲೆಗಳಿಗೆ, ಕುಟುಂಬ ವೈದ್ಯರ ಹತ್ತಿರ ಹೋಗಿ ಲಕ್ಷಣಗಳನ್ನು ವಿವರಿಸಿದರು. ಯಾರು ಬೇಕಾದರೂ, ಶಿಕ್ಷಕರು, ಸ್ನೇಹಿತರು, ತಾಯಿ, ನೇರವಾಗಿ ಫೋನ್ ಮಾಡಬಹುದಾದ ಒಂದು ತಂಡ ಇಟ್ಟರು. ಅಲ್ಲಿ ಅರ್ಧದಷ್ಟು ರೋಗಿಗಳು 5 ವಾರದೊಳಗೆ ಚಿಕಿತ್ಸೆಗೆ ಬಂದರು. ಇಂಥ ಪ್ರಚಾರ ಇಲ್ಲದ, ಹೋಲಿಕೆಗೆ ಆರಿಸಿಕೊಂಡ ಪ್ರದೇಶಗಳಲ್ಲಿ ಅದಕ್ಕೆ 16 ವಾರ ಹಿಡಿಯಿತು. ಹತ್ತು ವರ್ಷ ಬಿಟ್ಟು ನೋಡಿದಾಗ, ಬೇಗ ಪತ್ತೆ ಹಚ್ಚಿದ ಪ್ರದೇಶದಲ್ಲಿ ಚೇತರಿಸಿಕೊಂಡವರ ಪ್ರಮಾಣ ಸುಮಾರು ಎರಡು ಪಟ್ಟು ಇತ್ತು.

ಈ ಕಥೆಯ ಇನ್ನೊಂದು ತುಣುಕು ನನಗೆ ಹೆಚ್ಚು ಮುಖ್ಯ. ಆಮೇಲೆ ಜಾಹೀರಾತು ನಿಲ್ಲಿಸಿದರು. ತಂಡ ಹಾಗೇ ಇತ್ತು, ಡಾಕ್ಟರುಗಳು ಹಾಗೇ ಇದ್ದರು. ಆದರೂ ಆ 5 ವಾರ ಮತ್ತೆ 15 ವಾರಕ್ಕೆ ಏರಿತು. ಆಸ್ಪತ್ರೆ ತೆರೆದಿದ್ದರೆ ಸಾಲದು, ಜನ ಅದರ ಬಾಗಿಲಿಗೆ ಬರುವ ದಾರಿಯನ್ನೂ ಯಾರಾದರೂ ತೋರಿಸ್ತಾ ಇರಬೇಕು.

ದುಡ್ಡಿದ್ದರೆ ಎಲ್ಲ ಆಗುತ್ತೆ ಅನ್ನೋ ಹಾಗೂ ಇಲ್ಲ. ಅಮೆರಿಕದ 21 ರಾಜ್ಯಗಳ 34 ಕ್ಲಿನಿಕ್‌ಗಳಲ್ಲಿ 404 ಜನರನ್ನು ಸೇರಿಸಿಕೊಂಡು ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಅರ್ಧದಷ್ಟು ಜನ ಚಿಕಿತ್ಸೆಗೆ ಬರುವ ಹೊತ್ತಿಗೆ 74 ವಾರ ಅಥವಾ ಅದಕ್ಕಿಂತ ಹೆಚ್ಚು ಕಳೆದಿತ್ತು. ಹತ್ತಿರ ಹತ್ತಿರ ಒಂದೂವರೆ ವರ್ಷ.

ನಮ್ಮ ದೇಶದ ಲೆಕ್ಕ ಬೇಕಾದರೆ, ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇದೆ. ಅದರ ಪ್ರಕಾರ ಸೈಕೋಸಿಸ್ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮಹಾನಗರಗಳಲ್ಲಿ ಈ ಕಾಯಿಲೆಗಳ ಪ್ರಮಾಣವೂ ಬೇರೆ ಕಡೆಗಿಂತ ಹೆಚ್ಚಿತ್ತು.

ದೀಪಾವಳಿಯಿಂದ ಯುಗಾದಿಯವರೆಗೆ

ಬೆಂಗಳೂರಲ್ಲಿ ಮನೋವೈದ್ಯರಿಗೆ ಬರ ಇಲ್ಲ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ, ಬಡಾವಣೆಗೊಂದು ಖಾಸಗಿ ಕ್ಲಿನಿಕ್ ಇದೆ. ಆದರೂ ನನ್ನ ತಮ್ಮ ಅಲ್ಲಿಗೆ ತಲುಪೋದಕ್ಕೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಎಲ್ಲಿ ಹೋಯಿತು ನೋಡಿ.

ಕಂಪನಿಯವರು ಒಂದು ಕೌನ್ಸೆಲಿಂಗ್ ಆ್ಯಪ್ ಕೊಟ್ಟಿದ್ದರು. ಅಲ್ಲಿ ಮೂರು ಸಲ ಮಾತಾಡಿದ. ವಿಷಯ ಕೆಲಸದ ಒತ್ತಡದ ಸುತ್ತಲೇ ಸುತ್ತಿತು. ಮಾರತ್ತಹಳ್ಳಿಯ ಪಿಜಿ ಹತ್ತಿರದ ಡಾಕ್ಟರ್ ನಿದ್ದೆಗೆ ಮಾತ್ರೆ ಕೊಟ್ಟರು, ಬಿ12 ಕಡಿಮೆ ಇದೆ ಅಂದರು. ಅರಸೀಕೆರೆಗೆ ಹೋದಾಗ ಚಿಕ್ಕಮ್ಮ ಮನೆದೇವರಿಗೆ ಹರಕೆ ಕಟ್ಟಿಕೊಂಡರು. ಜ್ಯೋತಿಷಿ ಶನಿಕಾಟ ಅಂದರು. ದೊಡ್ಡವರೊಬ್ಬರು ಮದುವೆ ಮಾಡಿ, ಸರಿಹೋಗ್ತಾನೆ ಅಂದರು. ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ ಅನ್ನೋ ಗಾದೆಯನ್ನು ನಾವು ನಗಾಡ್ಕೊಂಡು ಹೇಳ್ತೀವಿ. ಆ ಮನೆಯಲ್ಲಿ ಅವತ್ತು ಯಾರೂ ನಗಲಿಲ್ಲ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಕೌನ್ಸೆಲರ್, ಡಾಕ್ಟರ್, ಜ್ಯೋತಿಷಿ, ಎಲ್ಲರೂ ತಮ್ಮ ಮುಂದೆ ಬಂದ ತುಂಡನ್ನು ನೋಡಿದರು. ಇಡೀ ಹುಡುಗ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಎಚ್ಚೆತ್ತದ್ದು ಪಿಜಿ ನಡೆಸುವ ಆಂಟಿ. ಹತ್ತು ದಿನದಿಂದ ಊಟದ ತಟ್ಟೆ ಹಾಗೇ ವಾಪಸ್ ಬರ್ತಿದೆ ಅಂತ ಗಮನಿಸಿ, ರಿಜಿಸ್ಟರ್ ಬುಕ್ಕಿನಲ್ಲಿ ಗಾರ್ಡಿಯನ್ ನಂಬರ್ ಹುಡುಕಿ ಅರಸೀಕೆರೆಗೆ ಫೋನ್ ಮಾಡಿದರು.

ಮನೋವೈದ್ಯರು ಮೊದಲ ಭೇಟಿಯಲ್ಲಿ ಚಿಕ್ಕಮ್ಮನಿಗೆ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ತೊಂದರೆ ಯಾವಾಗ ಶುರುವಾಯ್ತು ಅಂತ ಕೇಳಲಿಲ್ಲ. "ಯಾವ ಹಬ್ಬಕ್ಕೆ ಬಂದಾಗ ನಿಮ್ಮ ಮಗ ಮೊದಲಿನ ಹಾಗೇ ಇದ್ದ?" ಅಂದರು. ಚಿಕ್ಕಮ್ಮ ತಡವರಿಸಲಿಲ್ಲ. "ದೀಪಾವಳಿಗೆ ಚೆನ್ನಾಗಿದ್ದ ಡಾಕ್ಟ್ರೇ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಟ್ರೆ ಮೂಸಿ ನೋಡಿ ಪಕ್ಕಕ್ಕಿಟ್ಟ. ನನ್ನ ಕೈಯದನ್ನ." ಆಗ ಯುಗಾದಿಗೆ ಇನ್ನೊಂದು ವಾರ ಇತ್ತು.

ಮಾತ್ರೆ ಶುರುವಾದರೆ ಮುಗೀತಾ?

ನಾವು ಅಂದುಕೊಂಡದ್ದು ಹಾಗೇ. ಸಣ್ಣ ಡೋಸಿನಲ್ಲಿ ಮಾತ್ರೆ ಶುರುವಾಯಿತು. ಮೂರು ವಾರದಲ್ಲಿ ನಿದ್ದೆ ಬಂತು, ಹೆದರಿಕೆ ಇಳಿಯಿತು, ಎರಡು ತಿಂಗಳಿಗೆ ದನಿಗಳು ನಿಂತವು. ರಜೆ ಮುಗಿಸಿ ಪಿಜಿಗೆ ವಾಪಸ್ ಬಂದ. ಸರಿಹೋಯ್ತು ಬಿಡು ಅಂತ ಮನೆಮಂದಿಯೆಲ್ಲ ಉಸಿರು ಬಿಟ್ಟರು.

ನಿಜವಾದ ಕೆಲಸ ಶುರುವಾಗೋದು ಅಲ್ಲಿಂದ. ಮೊದಲ ಸಲ ಸೈಕೋಸಿಸ್ ಬಂದು ಗುಣವಾದವರಲ್ಲಿ ಮುಂದಿನ ಐದು ವರ್ಷದೊಳಗೆ ಅದು ಮರುಕಳಿಸುವುದು ಸಾಮಾನ್ಯ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಿಗೆ ಮರುಕಳಿಸುವ ಅಪಾಯ ಹೆಚ್ಚುಕಡಿಮೆ ಐದು ಪಟ್ಟು ಹೆಚ್ಚು ಅಂತ ಕಂಡುಬಂತು. ಆದರೆ ಮಾತ್ರೆ ನಿಲ್ಲಿಸೋದಕ್ಕೆ ಕಾರಣಗಳೂ ಇವೆ. ನನ್ನ ತಮ್ಮ ನಾಲ್ಕು ತಿಂಗಳಲ್ಲಿ 8 ಕೆಜಿ ದಪ್ಪ ಆದ. ಬೆಳಿಗ್ಗೆ ಹತ್ತಕ್ಕೂ ಕಣ್ಣು ತೆರೆಯೋಕೆ ಆಗ್ತಿರಲಿಲ್ಲ. "ಮಾತ್ರೆ ತಗೊಂಡ್ರೆ ದನಿ ಇರಲ್ಲ ಅಕ್ಕಾ. ಆದ್ರೆ ನಾನೂ ಇರಲ್ಲ" ಅಂದ. ಮೈಮೇಲೆ ಬರುವ ಈ ಪರಿಣಾಮಗಳನ್ನು ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ತೂಕ ಮತ್ತು ಸಕ್ಕರೆಯ ಮೇಲೆ ಕಣ್ಣಿಡಬಹುದು. ಹೇಳದೇ ಇದ್ದರೆ ಆಗುವುದು ಅವನಿಗೆ ಆದದ್ದೇ: ಸುಮ್ಮನೆ ನಿಲ್ಲಿಸಿದ.

ಅಪಾಯಿಂಟ್‌ಮೆಂಟಿಗೂ ಹೋಗಲಿಲ್ಲ. ಆಸ್ಪತ್ರೆಯಿಂದ ಒಂದು ಮೆಸೇಜ್ ಬಂತು. ಯಾಕೆ ಬರಲಿಲ್ಲ ಅಂತ ಅಲ್ಲ, ಹಿಂದಿನ ಭೇಟಿಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ ಅಂತ.

ಹತ್ತೊಂಬತ್ತು ದಿನ ಹಾಗೇ ಕಳೆಯಿತು. ಪತ್ತೆ ಹಚ್ಚಿದ್ದು ಮತ್ತೆ ಚಿಕ್ಕಮ್ಮನೇ. ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡ್ತಿದ್ದರು. "ಮಾತಾಡ್ತಾ ಮಾತಾಡ್ತಾ ಬಾಗಿಲ ಕಡೆ ನೋಡ್ತಾನೆ ಕಣೇ. ಎರಡು ದಿನದಿಂದ" ಅಂತ ನನಗೆ ಹೇಳಿ, ಮರುದಿನ ಬೆಳಗಿನ ಟ್ರೈನ್ ಹತ್ತಿದರು. ಡಾಕ್ಟರ್ ಗದರಲಿಲ್ಲ. ಮಾತ್ರೆ ಬದಲಿಸಿದರು. "ಇನ್ನೊಂದ್ಸಲ ನಿಲ್ಲಿಸ್ಬೇಕು ಅನ್ಸಿದ್ರೆ ನಿಲ್ಲಿಸು. ಆದ್ರೆ ನನಗೆ ಹೇಳಿ ನಿಲ್ಲಿಸು" ಅಂದರು.

ಒಬ್ಬರ ಹೆಸರಿಗೆ ಒಬ್ಬರು

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಓನರ್ ಇಲ್ಲದ ಟಿಕೆಟ್ ಯಾವತ್ತೂ ಮುಗಿಯಲ್ಲ. ಹತ್ತು ಜನ ನೋಡಿರ್ತಾರೆ, ಹತ್ತು ಕಾಮೆಂಟ್ ಇರುತ್ತೆ, ಆದರೆ ಅದು ಯಾರ ಹೆಸರಲ್ಲೂ ಇರಲ್ಲ. ನಗರದ ಆರೋಗ್ಯ ವ್ಯವಸ್ಥೆಯಲ್ಲಿ ಹೊಸದಾಗಿ ಸೈಕೋಸಿಸ್ ಬಂದ ಹುಡುಗ ಅಥವಾ ಹುಡುಗಿಯ ಸ್ಥಿತಿ ಹೆಚ್ಚುಕಡಿಮೆ ಇದೇ.

ಇದನ್ನು ಬೇರೆ ಥರ ಮಾಡಬಹುದು ಅಂತ ತೋರಿಸಿದ ನಗರಗಳಿವೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪ್ಯಾಟ್ರಿಕ್ ಮೆಗಾರಿ ಮತ್ತು ಅವರ ತಂಡ 1992ರಲ್ಲಿ ಮೊದಲ ಸೈಕೋಸಿಸ್‌ಗೆಂದೇ ಬೇರೆ ಸೇವೆ ಶುರುಮಾಡಿದರು. ವರ್ಷಗಟ್ಟಲೆ ಕಾಯಿಲೆ ಇರುವವರ ವಾರ್ಡಿನಲ್ಲಿ ಇಪ್ಪತ್ತು ವರ್ಷದ ಹುಡುಗನನ್ನು ಕೂರಿಸಿದರೆ ಅವನು ತನ್ನ ಭವಿಷ್ಯ ಇಷ್ಟೇ ಅಂದುಕೊಳ್ತಾನೆ, ಅದು ಬೇಡ ಅನ್ನೋದು ಅದರ ಹಿಂದಿನ ಯೋಚನೆ. ಇಂಗ್ಲೆಂಡಿನಲ್ಲಿ ಈಗ ಇಂಥ ತಂಡಗಳು ದೇಶದ ತುಂಬ ಇವೆ. 2016ರ ಏಪ್ರಿಲ್‌ನಿಂದ ಅಲ್ಲಿ ಒಂದು ಮಾನದಂಡ ಇದೆ: ಮೊದಲ ಸೈಕೋಸಿಸ್ ಅನುಮಾನದಿಂದ ಕಳಿಸಲ್ಪಟ್ಟವರಲ್ಲಿ ಕನಿಷ್ಠ ಅರ್ಧ ಜನಕ್ಕೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು. ಆಮೇಲೆ ಈ ಗುರಿಯನ್ನು ಶೇ 60ಕ್ಕೆ ಏರಿಸಿದರು.

ಈ ತಂಡಗಳಲ್ಲಿ ಮಂತ್ರದಂಥದ್ದೇನೂ ಇಲ್ಲ. ಕಡಿಮೆ ಡೋಸಿನ ಮಾತ್ರೆ, ಮಾತಿನ ಚಿಕಿತ್ಸೆ, ಮನೆಯವರಿಗೆ ತಿಳಿವಳಿಕೆ, ಓದು ಅಥವಾ ಕೆಲಸಕ್ಕೆ ಮರಳಲು ಸಹಾಯ. ಇವೆಲ್ಲದರ ನಡುವೆ ಪ್ರತಿಯೊಬ್ಬ ರೋಗಿಯ ಹೆಸರಿಗೆ ಒಬ್ಬ ಕೆಲಸಗಾರ ಇರ್ತಾರೆ, ನರ್ಸ್ ಅಥವಾ ಸೋಷಿಯಲ್ ವರ್ಕರ್. ಅವರ ಕೈಯಲ್ಲಿ ಸುಮಾರು 15 ಜನ ಮಾತ್ರ ಇರಬೇಕು ಅನ್ನೋದು ಅಲ್ಲಿನ ಲೆಕ್ಕ. ನೀವು ಬರದಿದ್ದರೆ ಅವರು ಫೋನ್ ಮಾಡ್ತಾರೆ. ಫೋನ್ ಎತ್ತದಿದ್ದರೆ ಮನೆಗೆ ಬರ್ತಾರೆ. ಎಷ್ಟು ಕಾಲ? ಡೆನ್ಮಾರ್ಕಿನಲ್ಲಿ ಎರಡು ವರ್ಷ ಹೀಗೆ ನೋಡಿಕೊಂಡಾಗ ಫಲಿತಾಂಶ ಸ್ಪಷ್ಟವಾಗಿ ಚೆನ್ನಾಗಿತ್ತು. ಆಮೇಲೆ ಮಾಮೂಲಿ ಆಸ್ಪತ್ರೆಗೆ ಬಿಟ್ಟರು. ಐದನೇ ವರ್ಷದ ಹೊತ್ತಿಗೆ ಆ ಲಾಭದ ಬಹುಪಾಲು ಕರಗಿತ್ತು.

ಇದೆಲ್ಲ ಹೊರದೇಶದ ಕಥೆ ಅನ್ನಬೇಡಿ. ಪಕ್ಕದ ಚೆನ್ನೈನಲ್ಲಿ ಡಾ. ಶಾರದಾ ಮೆನನ್ 1984ರಲ್ಲಿ ಕಟ್ಟಿದ ಸ್ಕಾರ್ಫ್ ಸಂಸ್ಥೆ ಇದೆ. ಅದೂ ಕೆನಡಾದ ಮಾಂಟ್ರಿಯಲ್‌ನ ತಂಡವೂ ಒಂದೇ ಮಾದರಿಯ ಸೇವೆಯನ್ನು ಎರಡೂ ನಗರಗಳಲ್ಲಿ ನಡೆಸಿ ಹೋಲಿಸಿ ನೋಡಿದವು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋದವರು ಚೆನ್ನೈನಲ್ಲೇ ಕಡಿಮೆ. ಮಂಕುತನ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇಂಥ ಲಕ್ಷಣಗಳೂ ಚೆನ್ನೈನಲ್ಲಿ ಹೆಚ್ಚು ಸುಧಾರಿಸಿದವು. ಎದ್ದು ಕಂಡ ವ್ಯತ್ಯಾಸ ಮನೆಯವರದು. ಚೆನ್ನೈನಲ್ಲಿ ಅಪ್ಪ, ಅಮ್ಮ, ಅಕ್ಕ ರೋಗಿಯ ಜೊತೆ ಬರ್ತಿದ್ದರು, ತಂಡದ ಜೊತೆ ನಿರಂತರ ಸಂಪರ್ಕದಲ್ಲಿದ್ದರು.

ಅಂದರೆ ನಮ್ಮಲ್ಲಿ ಆ ಓನರ್ ಇದ್ದಾರೆ. ಸಂಬಳ ಇಲ್ಲ, ರಜೆ ಇಲ್ಲ, ಹೆಸರು ಅಮ್ಮ.

ತೊಡಕು ಇರೋದು ಇಲ್ಲೇ. ಡಾಕ್ಟರ್ ಬೆಂಗಳೂರಲ್ಲಿ, ಅಮ್ಮ ಅರಸೀಕೆರೆಯಲ್ಲಿ. ನಮ್ಮ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಮಾಡಿದ ಕೆಲಸ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಕಾಯಿಲೆಯನ್ನು ಊರಲ್ಲೇ ಗುರುತಿಸೋದು. ಒಳ್ಳೆಯ ಯೋಚನೆ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಯಾರು ಎರಡು ತಿಂಗಳಿಂದ ಹೊರಗೆ ಬಂದಿಲ್ಲ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತೆ. ಮಾರತ್ತಹಳ್ಳಿಯ ಅರವತ್ತು ಹಾಸಿಗೆಯ ಪಿಜಿಗೆ ಆಶಾ ಕಾರ್ಯಕರ್ತೆ ಯಾರು?

ನಿಮ್ಮ ಕೈಲಿ ಏನಾಗುತ್ತೆ

ಮೇಲ್ ಬರೆದ ಓದುಗರಿಗೂ, ಅವರ ಸ್ಥಿತಿಯಲ್ಲಿರುವ ಬೇರೆಯವರಿಗೂ ಸ್ವಲ್ಪ ವಿವರವಾಗಿ:

ವಾದ ಮಾಡಬೇಡಿ, ಹೌದು ಅಂತ ತಲೆಯನ್ನೂ ಆಡಿಸಬೇಡಿ. "ನಿನ್ನ ಫೋನ್ ಯಾರೂ ಹ್ಯಾಕ್ ಮಾಡಿಲ್ಲ" ಅಂದರೆ ನೀವೂ ಆ ಗುಂಪಿಗೆ ಸೇರಿಹೋಗ್ತೀರಿ. "ನನಗೆ ಹಾಗೆ ಕಾಣ್ತಿಲ್ಲ, ಆದ್ರೆ ನಿನಗೆ ತುಂಬ ಹೆದರಿಕೆ ಆಗ್ತಿದೆ ಅನ್ನೋದು ಕಾಣ್ತಿದೆ" ಅನ್ನಿ. ಡಾಕ್ಟರ ಹತ್ತಿರ ಕರೆಯುವಾಗ ಅವರೇ ಒಪ್ಪುವ ತೊಂದರೆ ಹಿಡಿದುಕೊಳ್ಳಿ. ನಿದ್ದೆ ಇಲ್ಲ ಅನ್ನೋದನ್ನು ಬಹಳಷ್ಟು ಜನ ಒಪ್ಪುತ್ತಾರೆ. ಮದುವೆಗೆ ಹೋಗೋಣ ಬಾ ಅಂತ ಸುಳ್ಳು ಹೇಳಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಡಿ. ಮುಂದಿನ ಸಲ ಅವರು ನಿಮ್ಮ ಜೊತೆ ಎಲ್ಲಿಗೂ ಬರಲ್ಲ.

ಮನೆಯವರಿಗೆ ತಿಳಿಸಿ. ಚಾಡಿ ಹೇಳಿದ ಹಾಗೆ ಆಗುತ್ತೆ ಅನ್ನೋ ಸಂಕೋಚ ಬೇಡ. ಕಂಡದ್ದನ್ನಷ್ಟೇ ಹೇಳಿ: ಯಾವತ್ತಿನಿಂದ ನಿದ್ದೆ ಇಲ್ಲ, ಎಷ್ಟು ದಿನ ಊಟ ಬಿಟ್ಟ, ಏನು ಮಾತಾಡಿದ. ರೋಗದ ಹೆಸರು ನೀವು ಇಡಬೇಡಿ. ವಿಡಿಯೋ ಮಾಡಿ ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ. ದಿನಾಂಕ ಹಾಕಿ ನಾಲ್ಕು ಸಾಲು ಬರೆದಿಟ್ಟುಕೊಂಡರೆ ಡಾಕ್ಟರಿಗೆ ಅದೇ ದೊಡ್ಡ ಸಹಾಯ.

ದಾರಿ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ರೋಗಿಯೇ ಮಾಡಬೇಕು ಅಂತಿಲ್ಲ, ರೂಮ್‌ಮೇಟ್ ಕೂಡ ಮಾಡಬಹುದು.

ಸಾಯುವ ಮಾತು ಬಂದರೆ, ಇನ್ನೊಬ್ಬರಿಗೆ ಹೊಡೆಯಲು ಹೇಳುವ ದನಿ ಕೇಳ್ತಿದೆ ಅಂದರೆ, ನೀರು ಊಟ ಪೂರ್ತಿ ಬಿಟ್ಟರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತೆ. 108 ಅಥವಾ 112ಕ್ಕೆ ಕರೆ ಮಾಡಿ. ಎದೆನೋವಿನವರಿಗೆ ಆಂಬುಲೆನ್ಸ್ ಹೇಗೆ ಬರಬೇಕೋ ಮಾನಸಿಕ ಕಾಯಿಲೆಯವರಿಗೂ ಹಾಗೇ ಬರಬೇಕು ಅಂತ ಕಾನೂನೇ ಹೇಳುತ್ತೆ.

ಆ ಕಾನೂನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ನಮ್ಮಂಥವರಿಗೆ ಅದರಲ್ಲಿ ಮೂರು ವಿಷಯ ಮುಖ್ಯ. ಒಂದು, ಚಿಕಿತ್ಸೆಯ ವಿವರ ಗೋಪ್ಯ, ಆಸ್ಪತ್ರೆ ಅದನ್ನು ನಿಮ್ಮ ಕಂಪನಿಗೆ ಹಾಗೆಲ್ಲ ಕೊಡುವಂತಿಲ್ಲ. ಎರಡು, ಆರೋಗ್ಯ ವಿಮೆ ಮೈಯ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು. ಆದರೆ ಬಹಳಷ್ಟು ಪಾಲಿಸಿಗಳು ದಾಖಲಾದರೆ ಮಾತ್ರ ದುಡ್ಡು ಕೊಡ್ತವೆ, ತಿಂಗಳ ತಿಂಗಳ ಭೇಟಿಗಲ್ಲ. ನಿಮ್ಮದನ್ನು ಒಮ್ಮೆ ತೆಗೆದು ಓದಿ. ಮೂರು, ಚೆನ್ನಾಗಿರುವಾಗಲೇ "ಮುಂದೆ ನನಗೆ ಹೀಗಾದರೆ ಹೀಗೆ ನೋಡಿಕೊಳ್ಳಿ, ನನ್ನ ಪರವಾಗಿ ಇವರು ಮಾತಾಡಲಿ" ಅಂತ ಬರೆದಿಡುವ ಹಕ್ಕಿದೆ. ನನ್ನ ತಮ್ಮ ತನ್ನ ಪ್ರತಿನಿಧಿಯಾಗಿ ಚಿಕ್ಕಮ್ಮನ ಹೆಸರು ಬರೆದ. ಎರಡನೇ ಹೆಸರು ನನ್ನದು.

ಒಂದು ಪಟ್ಟಿ, ಒಂದು ಫೋನ್

ತಮ್ಮ ಈಗ ಕೆಲಸದಲ್ಲಿದ್ದಾನೆ, ಹಳೇ ಕಂಪನಿಯಲ್ಲಲ್ಲ. ರಾತ್ರಿ ಪಾಳಿ ಇಲ್ಲದ್ದನ್ನು ಹುಡುಕಿಕೊಂಡ. ಮಾತ್ರೆ ಇನ್ನೂ ಇದೆ, ಡೋಸ್ ಇಳಿದಿದೆ. ಕೆಲವು ದಿನ ಏನೂ ಬೇಡ ಅನ್ಸುತ್ತೆ ಅಂತಾನೆ. ಇನ್ನು ಕೆಲವು ದಿನ ಕ್ರಿಕೆಟ್ ಆಡಿ ಮೊಣಕೈ ತರಚಿಕೊಂಡು ಬರ್ತಾನೆ. ಮುಂದೇನು ಅಂತ ಡಾಕ್ಟರೂ ಹೇಳಲ್ಲ, ನಾವೂ ಕೇಳೋದು ಬಿಟ್ಟಿದ್ದೀವಿ. ಚಿಕ್ಕಮ್ಮನಿಗೆ ಈಗ 58. ಮಂಡಿ ನೋವು. ಒಂಬತ್ತು ಗಂಟೆಯ ಕಾಲ್ ಒಂದು ದಿನವೂ ತಪ್ಪಿಲ್ಲ. ಅವರಿಗೆ ಹುಷಾರಿಲ್ಲದ ವಾರ ನಾನು ಮಾಡ್ತೀನಿ. ನಾವಿಬ್ಬರೂ ಇಲ್ಲದ ಹುಡುಗರು, ಹುಡುಗಿಯರು ಈ ನಗರದಲ್ಲಿ ಎಷ್ಟಿದ್ದಾರೋ.

ಮೆಲ್ಬರ್ನ್‌ನಂಥ ಸೇವೆ ನಾಳೆಯೇ ಬೇಕು ಅಂತ ನಾನು ಕೇಳ್ತಿಲ್ಲ. ನಮ್ಮ ಊರಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ ಓದಿ ಬಂದವರಿದ್ದಾರೆ, ತರಬೇತಿ ಪಡೆದ ನರ್ಸ್‌ಗಳಿದ್ದಾರೆ. ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಯಾರು ಬಂದರು ಯಾರು ಬರಲಿಲ್ಲ ಅನ್ನೋ ಮಾಹಿತಿ ಆಗಲೇ ಇದೆ. ಸ್ಟಾರ್ ಕೇಳುವ ಮೆಸೇಜ್ ಕಳಿಸೋದಕ್ಕೆ ಅದನ್ನು ಬಳಸ್ತಾನೂ ಇದ್ದಾರೆ. ಮೊದಲ ಸಲ ಈ ಕಾಯಿಲೆಯಿಂದ ಬಂದವರದ್ದು ಒಂದು ಪಟ್ಟಿ, ಅದರಲ್ಲಿ ನಿನ್ನೆ ಬಾರದವರ ಹೆಸರು, ಬೆಳಿಗ್ಗೆ ಹತ್ತಕ್ಕೆ ಅದನ್ನು ತೆರೆದು ಫೋನ್ ಮಾಡುವ ಒಬ್ಬ ಮನುಷ್ಯ. ಕೋಡ್ ಬರೆಯುವವಳಾಗಿ ಹೇಳ್ತೀನಿ, ಇದರಲ್ಲಿ ಸಾಫ್ಟ್‌ವೇರ್ ಭಾಗ ಒಂದು ಮಧ್ಯಾಹ್ನದ ಕೆಲಸ. ಉಳಿದದ್ದು ಆ ಮನುಷ್ಯನಿಗೆ ಸಂಬಳ ಕೊಡುವ ನಿರ್ಧಾರ.

ಅಲ್ಲಿಯವರೆಗೆ, ನಿಮ್ಮವರನ್ನು ಮೊದಲ ಸಲ ಮನೋವೈದ್ಯರ ಹತ್ತಿರ ಕರ್ಕೊಂಡು ಹೋದಾಗ ಫೀಸು ಎಷ್ಟು, ಮಾತ್ರೆ ಎಷ್ಟು ದಿನ ಅಂತ ಕೇಳ್ತೀರಲ್ಲ, ಅದರ ಜೊತೆ ಕೌಂಟರಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿ: "ಮುಂದಿನ ಸಲ ನಾವು ಬರದೇ ಇದ್ದರೆ ಯಾರು ಫೋನ್ ಮಾಡ್ತಾರೆ?" ಅವರ ಹತ್ತಿರ ಹೆಸರಿದ್ದರೆ ಬರ್ಕೊಳ್ಳಿ. ಇಲ್ಲದಿದ್ದರೆ ಆಸ್ಪತ್ರೆಯಿಂದ ಹೊರಡೋ ಮುಂಚೆ ನೀವು ನೀವೇ ಮಾತಾಡಿಕೊಂಡು ಆ ಜಾಗದಲ್ಲಿ ಒಬ್ಬರ ಹೆಸರು ಬರೆಯಿರಿ.